ಗಿಳಿಮೀನು ಅರೆದ ಮರಳು

ನಂಜನಗೂಡಿನ ನಮ್ಮ ಮನೆಯ ದೇವರಗೂಡಿನಲ್ಲಿ ಒಂದು ಹಳೆಯ ಉಪ್ಪಿನಕಾಯಿ ಬಾಟಲಿಯಿದೆ, ಅದರೊಳಗೆ ಮಾಸಲು ಬಿಳಿಯ ಮರಳು. ಹೋದ ವರ್ಷ ತೀರಿಕೊಂಡ ಅಮ್ಮ ಅದನ್ನು ಅಂಡಮಾನಿನ ಕಡಲಂಚಿನಲ್ಲಿ ಬಗ್ಗಿ ಬಾಚಿ, ಸೆರಗಿಗೆ ಕಟ್ಟಿಕೊಂಡು ತಂದಳೆಂದು ಬಂದವರಿಗೆಲ್ಲ ಹೇಳುತ್ತೇನೆ. ಬೆನ್ನಿಗೇ ಗಿಳಿಮೀನನ್ನೂ ಎಳೆದು ತರುತ್ತೇನೆ; ನೀವೂ ಸಹಿಸಿಕೊಳ್ಳಬೇಕು. ಹಲ್ಲುಗಳೆಲ್ಲ ಬೆಸೆದು ಕೊಕ್ಕಾಗಿರುವ ಈ ಮೀನಿನ ಕುಲ ಹವಳದ ಬಂಡೆಯನ್ನು ಕೆರೆದು, ಗಂಟಲೊಳಗಿನ ಹಲ್ಲಿನಲ್ಲಿ ಅರೆದು, ಬೇಕಾದ ಪಾಚಿಯನ್ನು ದಕ್ಕಿಸಿಕೊಂಡು, ಉಳಿದದ್ದನ್ನು ಹಿಂದಿನಿಂದ ಬಿಳಿ ಮರಳಾಗಿ ಸುರಿಯುತ್ತದೆ.

ವರ್ಷದ ತಿಥಿಗೆ ತಿ. ನರಸೀಪುರದಿಂದ ಬಂದ ಅಕ್ಕ ಇದನ್ನು ಕೇಳಿ ಮುಖ ಸಿಂಡರಿಸಿದಳು. "ಥೂ, ದೇವ್ರ ಪಕ್ಕ ಮೀನಿನ ಹೇಲು ಇಟ್ಟಿದ್ದೀಯೇನೋ! ಅದು ತಲಕಾಡಿಂದು ಕಣೋ. ಅಮ್ಮನ್ನ ನಾನೇ ಬಸ್ಸಲ್ಲಿ ಕರ್ಕೊಂಡೋಗಿದ್ದೆ. ಕೊಡಿಲ್ಲಿ, ಹೊಳೆ ಮರಳು ಹೊಳೆಗೇ ಸೇರ್ಲಿ, ಸಂಗಮದಲ್ಲಿ ಬಿಟ್ಬಿಡ್ತೀನಿ."

ಕೊಡಲಿಲ್ಲ. ನಾನು ಕರೆದೊಯ್ದ ಆ ದ್ವೀಪದಲ್ಲಿ ಅಮ್ಮ ಮಂಡಿನೋವೆಂದು ವಸತಿಗೃಹದ ಮಂಚ ಬಿಟ್ಟು ಏಳದೆ ಕೂತಿದ್ದದ್ದೂ ನನಗೆ ನೆನಪಿದೆ. ಈ ಮರಳೂ ಸುಳ್ಳಾದರೆ ಅವಳು ಕಡಲಿಗೆ ಕಾಲಿಟ್ಟಳೆನ್ನಲು ಬೇರೆ ಸಾಕ್ಷಿಯಿಲ್ಲ.

ರೇಗುವುದು ಅಕ್ಕನ ಮೇಲಲ್ಲ, ಅಮ್ಮ ಮರಳು ಬಾಚಿದ ಆ ನೆನಪಿನ ಮೇಲೆ. ಅಲೆ, ಸಂಜೆಬಿಸಿಲು, ಒದ್ದೆ ಸೆರಗು, ಎಲ್ಲವೂ ಹೇಳಿಮಾಡಿಸಿದ ಜಾಗದಲ್ಲಿ! ಬದುಕು ನನಗೆಂದೂ ಅಷ್ಟು ಓರಣವಾಗಿ ಒದಗಿದ್ದಿಲ್ಲ. ಆ ಮೀನಾದರೂ ನೆಟ್ಟಗಿದೆಯೇ? ಹೆಣ್ಣಾಗಿದ್ದದ್ದು ಗಂಡಾಗುತ್ತದೆ, ಬಣ್ಣ ಬದಲಿಸುತ್ತದೆ. ಒಂದೇ ಮೀನಿಗೆ ಬೇರೆಬೇರೆ ಹೆಸರಿಟ್ಟು ಪಂಡಿತರೇ ಮೋಸಹೋದರಂತೆ.

ಕೊನೆಗೆ ನಿಂಬೆಹಣ್ಣು ತಂದೆ. ಹವಳದ ಮರಳು ಸುಣ್ಣ, ಹುಳಿ ಬಿದ್ದರೆ ನೊರೆಯೇಳುತ್ತದೆ; ಹೊಳೆಯ ಮರಳು ಜಪ್ಪಯ್ಯ ಅಂದರೂ ನೊರೆಗಟ್ಟುವುದಿಲ್ಲ. ತಟ್ಟೆಗೆ ಒಂದು ಚಿಟಿಕೆ ಹಾಕಿ ಹಿಂಡಿದೆ.

ಒಂದು ಗುಳ್ಳೆಯೂ ಏಳಲಿಲ್ಲ.

ಗೆದ್ದ ಅಕ್ಕ ಬೀಗುತ್ತಾಳೆಂದು ಕಾದೆ. ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತ ಮೆಲ್ಲಗೆ ಕೇಳಿದಳು: "ಅಷ್ಟು ದೂರ ಕರ್ಕೊಂಡೋಗಿದ್ಯಲ್ಲೋ, ಅಮ್ಮ ನೀರಿಗಾದ್ರೂ ಇಳಿದ್ಲಾ?"

ಬಾಯಿಗೆ ಬಂದ ಅಲೆ, ಬಿಸಿಲು, ಸೆರಗನ್ನೆಲ್ಲ ನುಂಗಿಕೊಂಡೆ. "ಗೊತ್ತಿಲ್ಲ ಕಣಕ್ಕ," ಎಂದೆ.

ಅವಳು ಬಾಟಲಿಯನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ. ತಟ್ಟೆಯ ಪಕ್ಕದಲ್ಲಿಟ್ಟು, ನಿಂಬೆಯ ಇನ್ನೊಂದು ಹೋಳನ್ನು ನನ್ನತ್ತ ತಳ್ಳಿದಳು.

"ಇನ್ನೊಂದ್ಸಲ ಹಿಂಡು. ಬಾಟ್ಲಿ ತಳದಲ್ಲಿರೋದನ್ನ ತೆಗ್ದು ನೋಡು."