ತಂಗಿಗೆ ನಾನು ತಂದ ದೊಡ್ಡ ಸ್ಕ್ರೀನ್

ಹೋದ ವರ್ಷ ದೀಪಾವಳಿ ಕಳೆದು ಮದುವೆಗಳು ಶುರುವಾಗಿದ್ದ ಸಮಯ. ನನ್ನ ತಂಗಿ ಪವಿತ್ರಳಿಗೆ ಕೈತುಂಬ ಕೆಲಸ ಬಂದಿತ್ತು. ಅವಳು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಆಲ್ಬಂ ಡಿಸೈನ್ ಮಾಡುತ್ತಾಳೆ, ವಿಡಿಯೋ ಎಡಿಟ್ ಮಾಡುತ್ತಾಳೆ. ಗುಬ್ಬಿಯ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತವಳು. ಈಗ ಗುಬ್ಬಿ, ಕುಣಿಗಲ್ ಕಡೆಯ ಫೋಟೋಗ್ರಾಫರುಗಳು ಅವಳಿಗೇ ಫೋಟೋ ಕಳಿಸುತ್ತಾರೆ. ನಾನು ಏಳನೇ ತರಗತಿಗೆ ಸ್ಕೂಲು ಬಿಟ್ಟವಳು. ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ಇಬ್ಬರೂ ಮರಳೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇವೆ. ನನಗಿಂತ ಅವಳು ಹನ್ನೆರಡು ವರ್ಷ ಚಿಕ್ಕವಳು. ಅವಳನ್ನು ಎತ್ತಿ ಆಡಿಸಿದವಳು ನಾನು ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಆ ಜಂಬವೇ ನನ್ನ ಕೈಯಲ್ಲಿ ಒಂದು ತಪ್ಪು ಮಾಡಿಸಿತು ಎಂದು ಈಗ ಅನಿಸುತ್ತದೆ.

ಅವಳ ಹಳೆಯ ಮಾನಿಟರ್ ಮಧ್ಯದಲ್ಲಿ ಒಂದು ಹಸಿರು ಗೆರೆ ಬಂದು ಕೆಟ್ಟಿತು. ಕೆಲಸ ಬಿಟ್ಟು ಏಳಲು ಅವಳಿಗೆ ಪುರುಸೊತ್ತಿರಲಿಲ್ಲ. ಒಂದು ಚೀಟಿಯಲ್ಲಿ ಬರೆದು ಕೊಟ್ಟಳು. ಇಪ್ಪತ್ತೇಳು ಇಂಚು, ಅದರ ಕೆಳಗೆ 2560 x 1440.

"ಅಕ್ಕ, ಸೈಜ್ ನೋಡಿ ಮೋಸ ಹೋಗ್ಬೇಡ ಕಣೇ. ಈ ನಂಬರ್ ಇದ್ಯಾ ಅಂತ ಕೇಳು. ಇಲ್ದಿದ್ರೆ ಬೇಡ, ವಾಪಸ್ ಬಾ."

"ಆಯ್ತು ಬುಡೇ, ನಂಗೇನು ಅಂಗಡಿಗೋಗಿ ಗೊತ್ತಿಲ್ವಾ" ಎಂದು ಹೊರಟೆ.

ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಮಾಲೀಕರು ಚೀಟಿ ನೋಡಿದ ತಕ್ಷಣ ಅದೇ ಮಾನಿಟರನ್ನು ತೆಗೆದು ತೋರಿಸಿದರು. ಅದರ ಪಕ್ಕದಲ್ಲೇ ಮೂವತ್ತೆರಡು ಇಂಚಿನದು ಒಂದು ಉರಿಯುತ್ತಿತ್ತು. ಅದರಲ್ಲಿ ಗಿಳಿಗಳು ಹಾರುತ್ತಿದ್ದವು. ನೋಡಿದರೆ ಮದುವೆ ಮನೆಯ ಟಿವಿಯಂತೆ ಜಗಜಗ ಎನ್ನುತ್ತಿತ್ತು. ಬೆಲೆ ಕೇಳಿದೆ. ಎರಡಕ್ಕೂ ಒಂದೇ.

"ಅದೇ ರೇಟಿಗೆ ಐದಿಂಚು ಜಾಸ್ತಿ ಬರೋದು ಬಿಟ್ಟು ಚಿಕ್ಕದ್ಯಾಕೆ ತಗೊಳ್ಳಿ?" ಎಂದೆ.

"ಯಾವ ಕೆಲಸಕ್ಕೆ ಅಕ್ಕಾವ್ರೆ?" ಎಂದು ಕೇಳಿದರು. ಮದುವೆ ಫೋಟೋ, ವಿಡಿಯೋ ಕೆಲಸಕ್ಕೆ ಎಂದೆ. "ಹಂಗಾದ್ರೆ ಬೇಡ. ಅದು ಬರೀ ಫುಲ್ ಎಚ್‌ಡಿ. ದೂರ ಕೂತು ನೋಡೋಕೆ ಸರಿ. ಅಷ್ಟು ಹತ್ರ ಕೂತು ಕೆಲಸ ಮಾಡೋರಿಗೆ ಚೀಟೀಲಿರೋದೇ ಸರಿ" ಎಂದರು.

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅವರ ಮುಂದೆ ನಾನು ನಕ್ಕುಬಿಟ್ಟೆ. "ಓದಿಲ್ಲ ಅಂತ ಗೊತ್ತಾಯ್ತಲ್ವಾ, ಮಾರಾಟ ಆಗ್ದೆ ಇರೋ ಚಿಕ್ಕದನ್ನ ತಗಲಾಕ್ತಿದೀರಾ? ನಾನು ಹದಿಮೂರು ವರ್ಷದೋಳಿದ್ದಾಗಿಂದ ಸಂತೆ ಮಾಡ್ತಿದೀನಿ ಸ್ವಾಮಿ" ಎಂದೆ. ಒಬ್ಬರು ನಕ್ಕರು. ಮಾಲೀಕರು ಮುಖ ಸಪ್ಪಗೆ ಮಾಡಿಕೊಂಡು ದೊಡ್ಡದನ್ನೇ ಪ್ಯಾಕ್ ಮಾಡಿಸಿ ಕೊಟ್ಟರು.

ಮನೆಗೆ ತಂದು ಬಿಚ್ಚಿದಾಗ ಪವಿತ್ರ ಡಬ್ಬಿಯ ಮೇಲಿನ ನಂಬರು ಓದಿದಳು. ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ತಪ್ಪಾಯಿತು ಎನ್ನಬಹುದಿತ್ತು. ಅದರ ಬದಲು, "ನೀನು ಹೇಳಿದ್ದು ಸ್ಟಾಕ್ ಇರ್ಲಿಲ್ಲ ಕಣೇ, ಇದೇ ಚೆನ್ನಾಗಿರುತ್ತೆ ಅಂತ ಅವ್ರೇ ಕೊಟ್ರು" ಎಂದೆ. ಇದು ಮೊದಲನೇ ಸುಳ್ಳು.

ಅವಳು ಮಾನಿಟರ್ ಹಾಕಿ ನನ್ನನ್ನು ಪಕ್ಕ ಕೂರಿಸಿಕೊಂಡು ತೋರಿಸಿದಳು. "ನೋಡಕ್ಕ, ಸ್ಕ್ರೀನ್ ಅಂದ್ರೆ ಬರೀ ಚುಕ್ಕಿಗಳು. ನಾನು ಚೀಟೀಲಿ ಬರ್ದಿದ್ದ ನಂಬರ್ ಆ ಚುಕ್ಕಿಗಳ ಲೆಕ್ಕ. ನೀನು ಸಂಕ್ರಾಂತಿಗೆ ರಂಗೋಲಿ ಹಾಕ್ತೀಯಲ್ಲ, ಹಾಗೇ. ಚುಕ್ಕಿ ಅಷ್ಟೇ ಇಟ್ಟು ಅಂಗಳ ಮಾತ್ರ ದೊಡ್ಡದು ಮಾಡಿದ್ರೆ ಏನಾಗುತ್ತೆ? ಚುಕ್ಕಿ ದೂರ ದೂರ ಆಗುತ್ತೆ. ಇಲ್ಲೂ ಅದೇ ಆಗಿರೋದು." ಒಂದು ಮದುವೆ ಹೆಣ್ಣಿನ ಫೋಟೋ ತೆರೆದು ತೋರಿಸಿದಳು. ಹತ್ತಿರ ಹೋಗಿ ನೋಡಿದೆ. ಕೂದಲಿನ ಎಳೆ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತಿತ್ತು. ವಿಡಿಯೋ ಎಡಿಟ್ ಮಾಡುವಾಗ ಒಂದು ಕಡೆ ಚಿತ್ರ, ಒಂದು ಕಡೆ ವಿಡಿಯೋ ತುಣುಕುಗಳ ಪಟ್ಟಿಗಳು ಇರಬೇಕಂತೆ. ಸ್ಕ್ರೀನ್ ದೊಡ್ಡದಾದರೂ ಚುಕ್ಕಿ ಸಾಲದೆ ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯಬೇಕಾಗಿತ್ತು.

"ನಾಳೆ ಹೋಗಿ ಬದಲಾಯಿಸಿಕೊಡ್ತಾರಾ ಕೇಳ್ಕೊಂಡು ಬಾ ಅಕ್ಕ" ಎಂದಳು.

ಮಾರನೇ ದಿನ ಶಿಫ್ಟ್ ಮುಗಿಸಿ ಹೋದೆ. ರಸ್ತೆ ಈಚೆ ನಿಂತೆ. ಮಾಲೀಕರು ಬಾಗಿಲಲ್ಲೇ ನಿಂತು ಯಾರ ಹತ್ತಿರವೋ ಮಾತಾಡುತ್ತಿದ್ದರು. ಹಿಂದಿನ ದಿನ ಅಷ್ಟು ಜನರ ಮುಂದೆ ಆಡಿದ ಮಾತು ನೆನಪಾಗಿ ಕಾಲು ಏಳಲಿಲ್ಲ. ಹತ್ತು ನಿಮಿಷ ನಿಂತು, ಬಂದ ಬಸ್ಸು ಹತ್ತಿ ಮನೆಗೆ ಬಂದೆ.

"ಒಪ್ಪಲಿಲ್ಲ ಕಣೇ. ಡಬ್ಬಿ ಬಿಚ್ಚಿದ್ಮೇಲೆ ಮುಗೀತು ಅಂದ್ರು" ಎಂದೆ. ಇದು ಎರಡನೇ ಸುಳ್ಳು.

"ಎಂಥ ಜನ! ಓದಿಲ್ಲ ಅಂತ ನಿನ್ನ ಹೆದರಿಸಿ ಕಳ್ಸವ್ರೆ. ನಾನೇ ಹೋಗಿ ಕೇಳ್ತೀನಿ" ಎಂದು ಪವಿತ್ರ ಎದ್ದಳು. ಜಗಳ ಬೇಡ, ನಾಳೆ ರಿಪೇರಿ ಬಂದರೆ ಅವರ ಹತ್ತಿರವೇ ಹೋಗಬೇಕು ಎಂದು ಏನೇನೋ ಹೇಳಿ ಕೂರಿಸಿದೆ. ಅವಳು ಸುಮ್ಮನಾದಳು, ಆದರೆ ಡಿಸೈನ್ ಮಾಡುವವರ ವಾಟ್ಸಾಪ್ ಗ್ರೂಪಿನಲ್ಲಿ ಆ ಅಂಗಡಿಗೆ ಯಾರೂ ಹೋಗಬೇಡಿ ಎಂದು ಬರೆದಳು. ಅಂಗಡಿಯ ಫೋನ್ ನಂಬರ್ ಇದ್ದ ಬಿಲ್ಲನ್ನು ನಾನು ಬೀರುವಿನಲ್ಲಿ ಸೀರೆಗಳ ಕೆಳಗೆ ಹಾಸಿದ್ದ ಪೇಪರಿನ ಅಡಿಗೆ ಸೇರಿಸಿದೆ. ಅವಳು ಎರಡು ಸಲ ಬಿಲ್ ಕೇಳಿದಳು. ಎರಡು ಸಲವೂ ಹುಡುಕುವ ಹಾಗೆ ನಾಟಕವಾಡಿದೆ. ಅವಳ ಫೋನ್ ರಿಂಗಾದರೂ ಸಾಕು, ಅಂಗಡಿಯವರೇನೋ ಎಂದು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ.

ಹೀಗೆ ಒಂದು ತಿಂಗಳಾಯಿತು. ಪವಿತ್ರ ಒಂದು ಕಣ್ಣು ಕಿರಿದು ಮಾಡಿಕೊಂಡು ಸ್ಕ್ರೀನಿಗೆ ಮೂಗು ತಾಗುವಷ್ಟು ಹತ್ತಿರ ಹೋಗುತ್ತಿದ್ದಳು. ಆಮೇಲೆ ಕುರ್ಚಿ ಹಿಂದೆ ತಳ್ಳಿ ದೂರದಿಂದ ನೋಡುತ್ತಿದ್ದಳು. ಮತ್ತೆ ಹತ್ತಿರ. ದಿನವೂ ತಲೆನೋವು ಎನ್ನುತ್ತಿದ್ದಳು. ಅವಳು ತಲೆ ಹಿಡಿದುಕೊಂಡಾಗೆಲ್ಲ ನಾನು ಅಡುಗೆ ಮನೆಗೆ ಹೋಗಿಬಿಡುತ್ತಿದ್ದೆ.

ಆಗ ಕುಣಿಗಲ್ಲಿನಿಂದ ಒಂದು ಕೆಲಸ ಬಂತು. ಮದುವೆ ಹೆಣ್ಣಿನ ತಂದೆ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರಂತೆ. ಅವರ ಹಳೆಯ ಫೋಟೋದಿಂದ ಅವರನ್ನು ಬಿಡಿಸಿ, ಧಾರೆಯ ಫೋಟೋದಲ್ಲಿ ಹೆಣ್ಣಿನ ತಾಯಿಯ ಪಕ್ಕ ನಿಲ್ಲಿಸಿ ಕೊಡಬೇಕಿತ್ತು. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟು. ಇಂಥ ಕೆಲಸ ನಮ್ಮ ಕಡೆ ಬಹಳ ಬರುತ್ತದೆ. ಅವರ ನರೆಗೂದಲನ್ನು ಒಂದೊಂದೇ ಎಳೆ ಬಿಡಿಸಬೇಕು, ಕತ್ತರಿಸಿ ಅಂಟಿಸಿದ ಹಾಗೆ ಕಾಣಬಾರದು. "ಈ ಸ್ಕ್ರೀನಲ್ಲಿ ಸರಿ ಕಾಣುತ್ತೆ, ಪ್ರಿಂಟಲ್ಲಿ ಹೆಂಗೆ ಬರುತ್ತೋ ಗೊತ್ತಾಗ್ತಿಲ್ಲ ಅಕ್ಕ" ಎಂದು ಎರಡು ದಿನ ಅದನ್ನೇ ತಿದ್ದುತ್ತಿದ್ದಳು.

ಎರಡನೇ ದಿನ ಭಾನುವಾರ. ನನಗೆ ರಜೆ. ಮಧ್ಯಾಹ್ನ ಊಟಕ್ಕೆ ಬಾ ಎಂದು ಕರೆಯಲು ಅವಳ ಕೋಣೆಗೆ ಹೋದೆ. ಪವಿತ್ರ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದಳು. ನನ್ನ ಕಡೆ ತಿರುಗಿದಳು.

"ಅಕ್ಕ, ನಿನ್ನ ಮುಖ ಅರ್ಧ ಕಾಣ್ತಿಲ್ಲ."

ತಮಾಷೆ ಎಂದುಕೊಂಡೆ. "ಊಟಕ್ಕೆ ಬಾರೇ, ಹೊಟ್ಟೆ ಹಸಿದ್ರೆ ಏನೂ ಕಾಣಲ್ಲ" ಎಂದೆ.

"ಇಲ್ಲ ಅಕ್ಕ. ನಿಜವಾಗ್ಲೂ. ಈ ಕಡೆ ಇಲ್ಲವೇ ಇಲ್ಲ. ಏನೋ ಹಾವಿನ ಥರ ಮಿಂಚ್ತಾ ಇದೆ." ಅವಳು ಒಂದು ಕಣ್ಣು ಮುಚ್ಚಿದಳು. ಅದನ್ನು ತೆರೆದು ಇನ್ನೊಂದನ್ನು ಮುಚ್ಚಿದಳು. "ಎರಡರಲ್ಲೂ ಹಂಗೇ" ಎಂದಳು. ಅವಳ ಧ್ವನಿ ಚಿಕ್ಕ ಹುಡುಗಿಯದಾಗಿತ್ತು.

ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಗೊತ್ತಿಲ್ಲ. ಅವಳ ರಟ್ಟೆ ಹಿಡಿದು ರಸ್ತೆಗೆ ಬಂದೆ. ಮೆಟ್ಟಿಲು ಕಾಣದೆ ಅವಳು ಒಂದು ಸಲ ಎಡವಿದಳು. ಭಾನುವಾರವೂ ಕಣ್ಣಿನ ಡಾಕ್ಟರು ಸಿಗುವ ಆಸ್ಪತ್ರೆ ಯಾವುದೆಂದು ಆಟೋದವರೇ ಹೇಳಿದರು. "ಹತ್ತಮ್ಮ ಬೇಗ, ಅಳೋದು ಆಮೇಲೆ ಅಳುವಂತೆ" ಎಂದು ಗದರಿದರು. ಅಳುತ್ತಿದ್ದವಳು ನಾನು, ಪವಿತ್ರ ಅಲ್ಲ.

ಆಟೋದಲ್ಲಿ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಅಕ್ಕ, ಹಿಂಗೇ ಉಳ್ಕೊಂಬಿಟ್ರೆ? ನಂಗೆ ಬೇರೆ ಯಾವ ಕೆಲಸಾನೂ ಬರಲ್ವಲ್ಲ" ಎಂದಳು. ನಾನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಈ ಹುಡುಗಿಯ ಕಣ್ಣನ್ನು ನಾನೇ ಕಳೆದೆ ಎಂಬ ಒಂದೇ ಮಾತು ತಲೆಯಲ್ಲಿ ಓಡುತ್ತಿತ್ತು. ಅಂಗಡಿಯ ಎದುರು ನಿಂತಿದ್ದ ಆ ಹತ್ತು ನಿಮಿಷ ಕಣ್ಣ ಮುಂದೆ ಬರುತ್ತಿತ್ತು. ರಸ್ತೆ ದಾಟಿದ್ದರೆ ಸಾಕಿತ್ತು.

ಆಸ್ಪತ್ರೆ ಬಾಗಿಲಿಗೆ ಬರುವ ಹೊತ್ತಿಗೆ ಅವಳು, "ಬರ್ತಾ ಇದೆ ಅಕ್ಕ, ಕಾಣ್ತಾ ಇದೆ" ಎಂದಳು. ಅದರ ಹಿಂದೆಯೇ ತಲೆ ಸಿಡಿಯುವಷ್ಟು ನೋವು ಶುರುವಾಯಿತು. ಅಲ್ಲೇ ವಾಂತಿ ಮಾಡಿಕೊಂಡಳು. ನನಗೆ ಮತ್ತಷ್ಟು ಭಯ. ತಲೆಯೊಳಗೆ ಏನಾಯಿತೋ ಎಂದು.

ಡಾಕ್ಟರಮ್ಮ ಕಣ್ಣಿಗೆ ಡ್ರಾಪ್ಸ್ ಹಾಕಿಸಿ, ಕಾಯಿಸಿ, ಲೈಟು ಬಿಟ್ಟು ಬಹಳ ಹೊತ್ತು ನೋಡಿದರು. ಎಷ್ಟು ಹೊತ್ತು ಕಾಣಲಿಲ್ಲ, ಮಿಂಚು ಹೇಗಿತ್ತು, ಊಟ ಮಾಡಿದ್ದೆಯಾ, ನಿದ್ದೆ ಎಷ್ಟು ಎಂದೆಲ್ಲ ಕೇಳಿದರು. ಕೊನೆಗೆ, "ಕಣ್ಣು ಚೆನ್ನಾಗಿದೆ. ಇದು ಮೈಗ್ರೇನ್ ಇರೋ ಹಾಗೆ ಕಾಣುತ್ತೆ. ಕೆಲವರಿಗೆ ತಲೆನೋವು ಬರೋ ಮುಂಚೆ ಹೀಗೆ ಅರ್ಧ ಮಂಕಾಗುತ್ತೆ. ನರದ ಡಾಕ್ಟರಿಗೂ ಒಂದ್ಸಲ ತೋರಿಸಿಬಿಡಿ" ಎಂದರು. ಆಮೇಲೆ ಕೆಲಸ ಏನು, ಸ್ಕ್ರೀನ್ ಹೇಗಿದೆ ಎಂದು ಕೇಳಿದರು.

"ಮೂವತ್ತೆರಡು ಇಂಚು ಮೇಡಂ, ಫುಲ್ ಎಚ್‌ಡಿ. ಅಷ್ಟು ಹತ್ತಿರದಿಂದ ನೋಡೋಕೆ ಕಷ್ಟ. ನಮ್ಮಕ್ಕ ಬದಲಾಯಿಸೋಕೆ ಹೋಗಿದ್ಲು ಪಾಪ, ಅಂಗಡಿಯವನು ಬೈದು ಕಳಿಸಿಬಿಟ್ಟ" ಎಂದಳು ಪವಿತ್ರ.

ನನ್ನ ಸುಳ್ಳು ಅವಳ ಬಾಯಲ್ಲಿ ಇನ್ನೂ ದೊಡ್ಡದಾಗಿ ಬೆಳೆದಿತ್ತು. ಡಾಕ್ಟರಮ್ಮ ನನ್ನ ಕಡೆ ಕನಿಕರದಿಂದ ನೋಡಿದರು. "ಸ್ಕ್ರೀನ್ ಒಂದರಿಂದಲೇ ಹೀಗಾಯ್ತು ಅಂತ ಹೇಳೋಕಾಗಲ್ಲ. ಊಟ, ನಿದ್ದೆ ಬಿಟ್ಟಿದ್ದೂ ಸೇರಿದೆ. ಆದ್ರೆ ಇಷ್ಟು ಕಣ್ಣು ಕಿರಿದು ಮಾಡ್ಕೊಂಡು ಕೆಲಸ ಮಾಡಬಾರದು" ಎಂದರು. ನಾನು ತಲೆ ತಗ್ಗಿಸಿದೆ.

ಹೊರಗೆ ಬೆಂಚಿನ ಮೇಲೆ ಕೂತೆವು. ಡ್ರಾಪ್ಸ್ ಹಾಕಿದ್ದರಿಂದ ಇನ್ನು ಮೂರು ನಾಲ್ಕು ಗಂಟೆ ಹತ್ತಿರದ್ದೆಲ್ಲ ಮಂಜು ಮಂಜಾಗಿರುತ್ತದೆ ಎಂದಿದ್ದರು. ಪವಿತ್ರ ನನ್ನ ಕಡೆ ತಿರುಗಿದ್ದರೂ ನನ್ನ ಮುಖ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಇವಳ ಕಣ್ಣು ತಿಳಿಯಾದ ಮೇಲೆ ಹೇಳಲು ನನ್ನಿಂದ ಆಗುವುದಿಲ್ಲ ಎನಿಸಿತು. ಎಲ್ಲವನ್ನೂ ಹೇಳಿಬಿಟ್ಟೆ. ಸ್ಟಾಕ್ ಇದ್ದದ್ದು, ಅವರು ಬೇಡ ಎಂದದ್ದು, ನಾನು ನಕ್ಕದ್ದು, ರಸ್ತೆ ದಾಟದೆ ಬಂದದ್ದು, ಬಿಲ್ಲು ಬಚ್ಚಿಟ್ಟದ್ದು.

ಅವಳು ಬೈಯುತ್ತಾಳೆ ಎಂದು ಕಾದೆ. ನನ್ನ ಕೈ ಬಿಟ್ಟಳು.

"ನಾನು ಆ ಮನುಷ್ಯನ್ನ ಊರಿಗೆಲ್ಲ ಬೈದುಬಿಟ್ನಲ್ಲೇ ಅಕ್ಕ" ಎಂದಳು. ಆಮೇಲೆ, "ನನ್ನ ತಲೆನೋವು ನೋಡ್ತಾನೇ ಇದ್ಯಲ್ಲ. ಒಂದು ದಿನಾನೂ ಹೇಳ್ಬೇಕು ಅನ್ನಿಸ್ಲಿಲ್ವಾ?" ಎಂದು ಕೇಳಿದಳು. ದಿನವೂ ಅನ್ನಿಸಿತ್ತು. ಆದರೆ ಅದನ್ನು ಹೇಳಿ ಏನು ಪ್ರಯೋಜನ?

ಎರಡು ದಿನ ಬಿಟ್ಟು ಮಾನಿಟರ್ ಡಬ್ಬಿ ಹಿಡಿದು ಇಬ್ಬರೂ ಅಂಗಡಿಗೆ ಹೋದೆವು. "ನಾನು ಬಾಯಿ ಬಿಡಲ್ಲ, ನೀನೇ ಹೇಳು" ಎಂದು ಅವಳು ಮೊದಲೇ ಹೇಳಿದ್ದಳು. ಗಿರಾಕಿಗಳು ಇದ್ದರು. ಅವರ ಮುಂದೆಯೇ ಹೇಳಿದೆ. ಧ್ವನಿ ನಡುಗುತ್ತಿತ್ತು. ಮಾಲೀಕರು ಪೂರ್ತಿ ಕೇಳಿಸಿಕೊಂಡರು. "ಇಷ್ಟಕ್ಕೆ ಯಾಕಕ್ಕಾವ್ರೆ ಹೆದರ್ಕೊಂಡ್ರಿ? ಮಾರನೇ ದಿನಾನೇ ಬಂದಿದ್ರೆ ಸುಮ್ನೆ ಬದಲಾಯಿಸಿಕೊಡ್ತಿದ್ದೆ" ಎಂದರು. ಅವರು ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಒಂದು ಹೋಟೆಲಿನವರು ಸಿಸಿಟಿವಿ ಕ್ಯಾಮೆರಾ ನೋಡಲು ದೊಡ್ಡ ಸ್ಕ್ರೀನ್ ಕೇಳಿದ್ದರಂತೆ, ಅವರಿಗೆ ಅದನ್ನು ಕೊಡಿಸಿ ನಮಗೆ ಚೀಟಿಯಲ್ಲಿದ್ದದ್ದನ್ನೇ ಕೊಟ್ಟರು.

ಅಂಗಡಿಯಿಂದ ಹೊರಗೆ ಬಂದು ಪವಿತ್ರ ಗ್ರೂಪಿನಲ್ಲಿ ಬರೆದಳು. ಬರೆದದ್ದನ್ನು ನನಗೂ ತೋರಿಸಿದಳು. ಆ ಅಂಗಡಿಯವರದು ಏನೂ ತಪ್ಪಿಲ್ಲ, ತಪ್ಪು ನಮ್ಮ ಮನೆಯದು ಎಂದಿತ್ತು. ಅಕ್ಕನದು ಎಂದು ಬರೆದಿರಲಿಲ್ಲ. ನಾನು ಅದನ್ನು ಎರಡು ಸಲ ಓದಿದೆ.

ಅವಳಿಗೆ ಈಗ ತಲೆನೋವು ಕಡಿಮೆಯಾಗಿದೆ. ಕುಣಿಗಲ್ಲಿನ ಆ ಫೋಟೋವನ್ನೂ ಮುಗಿಸಿ ಕೊಟ್ಟಳು. ನನ್ನ ಜೊತೆ ಮೊದಲಿನಂತೆಯೇ ಇದ್ದಾಳೆ, ನಗುತ್ತಾಳೆ, ರೇಗಿಸುತ್ತಾಳೆ. ಆದರೆ ನಾನು ಹೊರಗಿನಿಂದ ಬಂದು ಏನಾದರೂ ಹೇಳಿದರೆ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ "ಹೂಂ" ಎನ್ನುತ್ತಾಳೆ. ಆ ಒಂದು ಕ್ಷಣ ಮೊದಲು ಇರಲಿಲ್ಲ. ಅದನ್ನು ಕೊಟ್ಟವಳು ನಾನೇ, ಹಾಗಾಗಿ ಏನೂ ಕೇಳುವುದಿಲ್ಲ.

ಆ ಭಾನುವಾರದ ಭಯ ಡಾಕ್ಟರಮ್ಮನ ಮಾತಿನಿಂದ ಅಂದೇ ಇಳಿಯಿತು. ಇಳಿಯದ ಭಯ ಬೇರೆ ಇದೆ. ಆ ಎರಡು ಸುಳ್ಳನ್ನು ಹೇಳುವಾಗ ನನ್ನ ನಾಲಿಗೆ ಸ್ವಲ್ಪವೂ ತಡವರಿಸಲಿಲ್ಲ. ನಿಜ ಹೇಳುವಾಗ ಮಾತ್ರ ನಡುಗಿತು. ನಾನು ಇಂಥವಳು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.