ಮಾತು ಬಿಟ್ಟ ಸೊರಬದ ಸಾಹೇಬರು

ಸೊರಬದ ಸಾಹೇಬರ ಮುಖಕ್ಕಿಂತ ಅವರ ಕತ್ತಿನ ಹಿಂಭಾಗವೇ ನನಗೆ ಚೆನ್ನಾಗಿ ನೆನಪಿದೆ. ದಪ್ಪ ಕತ್ತು, ಕಾಲರಿನ ಮೇಲೆ ಮಡಿಕೆ ಬಿದ್ದ ಚರ್ಮ, ಬಲಗಿವಿಯ ಕೆಳಗೊಂದು ಕಪ್ಪು ನರುಲಿ. ಒಂದು ವರ್ಷಕ್ಕೂ ಮಿಕ್ಕಿ ಅವರು ನನಗೆ ತೋರಿಸಿದ್ದು ಅದನ್ನೇ. ನಾನು ಒಳಗೆ ಬಂದರೆ ಸಾಕು, ಕುರ್ಚಿ ಕಿರ್ರೆಂದು ಕಿಟಕಿಯ ಕಡೆಗೆ ತಿರುಗುತ್ತಿತ್ತು.

ಐವತ್ತರ ದಶಕದ ಕೊನೆಯ ವರ್ಷಗಳವು. ಊರಿನಿಂದ ಬಹುದೂರದ ಒಂದು ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ ಅವರು ಅಧಿಕಾರಿ. ಶಿಕಾರಿಪುರದ ನಾನು ಅವರ ಕೈಕೆಳಗಿನವನು. ಆ ಕೆಲಸಕ್ಕೆ ನನ್ನನ್ನು ಸೇರಿಸಿದವರೇ ಅವರು. ರಜೆಗೆ ಬಂದಾಗ ಶಿರಾಳಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತಿದ್ದ ನನ್ನಪ್ಪನನ್ನು ಕಂಡು, "ಓದಿದ ಮಗನ್ನ ಮನೇಲಿ ಕೂರಿಸ್ಕಂಡು ಎಂತ ಮಾಡ್ತೀರಿ? ನನ್ನ ಜೊತೆ ಕಳ್ಸಿ" ಎಂದರು. ತಮ್ಮ ಮನೆಯಲ್ಲಿಟ್ಟುಕೊಂಡು, ಅನ್ನ ಹಾಕಿ, ಪರೀಕ್ಷೆಗೆ ಪಾಠವನ್ನೂ ಹೇಳಿದರು. ಅದರ ಹಿಂದೆ ಒಂದು ಲೆಕ್ಕಾಚಾರವಿದ್ದದ್ದು ಆಮೇಲೆ ತಿಳಿಯಿತು: ಅವರ ತಂಗಿಯ ಮಗಳು. ಅಪ್ಪ ಸೊರಬಕ್ಕೆ ಹೋಗಿ ಹುಡುಗಿಯನ್ನು ನೋಡಿ, ಉಪ್ಪಿಟ್ಟು ತಿಂದು, ತಿಳಿಸುತ್ತೇವೆಂದು ಎದ್ದು ಬಂದರು. ಏನೂ ತಿಳಿಸದೆ ನನಗೆ ಉಡುತಡಿಯ ಹೆಣ್ಣು ತಂದರು. ಅಂದಿನಿಂದ ಸಾಹೇಬರು ನನ್ನೊಡನೆ ಮಾತು ಬಿಟ್ಟರು. ನಾನೇನು ಕಡಿಮೆ? ನಾನೂ ಬಿಟ್ಟೆ.

ನಮ್ಮ ಕಡೆ ಮಾತು ಬಿಟ್ಟವರು ಒಂದೇ ಮನೆಯಲ್ಲಿ ಬಾಳುವುದು ಹೇಗೆಂದು ಎಲ್ಲರಿಗೂ ಗೊತ್ತು. ನಡುವೆ ಮೂರನೆಯವರೊಬ್ಬರಿದ್ದರಾಯಿತು. ನಮಗೆ ಬಳ್ಳಾರಿಯ ಕಡೆಯ ವೈರ್‌ಲೆಸ್ ಆಪರೇಟರ್ ಒಬ್ಬ ಸಿಕ್ಕಿದ್ದ. "ಅವನಿಗೆ ಹೇಳು, ಪೆನ್ಸಿಲ್ ಮೊಂಡಾಗಿದೆ ಅಂತ" ಎಂದು ಸಾಹೇಬರು ಕಿಟಕಿಗೆ ಹೇಳುವರು. ಎರಡು ಮಾರು ದೂರದಲ್ಲಿ ನಿಂತ ನನಗೆ ಕೇಳಿಸುವುದಿಲ್ಲ. ಆಪರೇಟರ್ ನನ್ನ ಕಡೆ ತಿರುಗಿ ಮತ್ತೆ ಹೇಳಿದ ಮೇಲೆ ಕೇಳಿಸುತ್ತದೆ. ಇಡೀ ಟವರ್ ನಗುತ್ತಿತ್ತು.

ಕೆಲಸ ಮಾತ್ರ ನಗುವಂಥದ್ದಲ್ಲ. ಆಗ ನಮ್ಮಲ್ಲಿ ರಾಡಾರ್ ಇರಲಿಲ್ಲ. ಯಾವ ಊರಿನ ಮೇಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ಪೈಲಟ್ ವೈರ್‌ಲೆಸ್‌ನಲ್ಲಿ ಹೇಳಿದ್ದನ್ನು ಚೀಟಿಯಲ್ಲಿ ಬರೆದು ಹಲಗೆಗೆ ಸಿಕ್ಕಿಸುವುದು, ಎದುರುಬದುರು ಬರುವ ವಿಮಾನಗಳ ನಡುವೆ ಸಾವಿರ ಅಡಿ ಎತ್ತರದ ಅಂತರ ಕಾಯುವುದು, ಇದೇ ನಮ್ಮ ಉದ್ಯೋಗ. "ಆಕಾಶ ಎಷ್ಟೊಂದು ದೊಡ್ಡದು ಅಂದ್ಕಂಡ್ಯೋ, ಕೆಟ್ಟೆ. ಅವು ಬರೋದು ಒಂದೇ ದಾರೀಲಿ" ಎಂದು ಪಾಠದ ದಿನಗಳಲ್ಲಿ ಅವರೇ ನನಗೆ ಗದರುತ್ತಿದ್ದರು.

ಅಂಥವರು ಒಂದು ಮಧ್ಯಾಹ್ನ, ಪಾಳಿ ಮುಗಿಯುವ ಹೊತ್ತಿಗೆ, ಉತ್ತರದಿಂದ ಬರುತ್ತಿದ್ದ ವಿಮಾನಕ್ಕೆ ಏಳು ಸಾವಿರದಿಂದ ಆರು ಸಾವಿರ ಅಡಿಗೆ ಇಳಿಯಲು ಹೇಳಿದರು. ಚೀಟಿ ತಿದ್ದಲಿಲ್ಲ. ಮುಂದಿನ ಪಾಳಿಗೆ ನಾನು ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿತ್ತಲ್ಲ, ನನ್ನ ಮುಖ ನೋಡುವ ಮೊದಲೇ ಹೊರಡುವ ಅವಸರ. "ಉತ್ತರದ್ದು ಆರಕ್ಕೆ ಇಳೀತಿದೆ, ಅವನಿಗೆ ಹೇಳು" ಎಂದು ಆಪರೇಟರಿಗೆ ಹೇಳಿದರು. ಅವನು ತಲೆಯಾಡಿಸಿದ. ಅವನ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ತಲೆಯಾಡಿಸಿದ್ದು ಅದರೊಳಗಿನ ಮಾತಿಗೆ. ಸಾಹೇಬರು ನನ್ನ ಪಕ್ಕದಿಂದಲೇ ಇಳಿದು ಹೋದರು.

ಹಲಗೆಯಲ್ಲಿ ಏಳು ಸಾವಿರ ಎಂದಿತ್ತು. ಇಲ್ಲಿಂದ ಉತ್ತರಕ್ಕೆ ಹೊರಟ ವಿಮಾನ ಆರು ಸಾವಿರಕ್ಕೆ ಏರಲು ಅನುಮತಿ ಕೇಳಿತು. ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ವೈರ್‌ಲೆಸ್‌ನಲ್ಲಿ ಪೈಲಟ್ ಕಿರುಚಿಕೊಂಡ. ಮೋಡದಿಂದ ಹೊರಬಂದವನ ಎದುರಿಗೇ ಇನ್ನೊಂದು ವಿಮಾನ. ಪಕ್ಕಕ್ಕೆ ಹೊರಳಿಸಿದ್ದರಿಂದ ಎರಡೂ ಉಳಿದವು. ಎದುರಿನದರ ಬಾಲದ ಮೇಲಿನ ಅಕ್ಷರ ಓದುವಷ್ಟು ಹತ್ತಿರ ಬಂದಿದ್ದವಂತೆ. ಎರಡರಲ್ಲೂ ತುಂಬ ಜನರಿದ್ದರು.

ಗದ್ದಲ ಕೇಳಿ ಸಾಹೇಬರು ಏದುಸಿರು ಬಿಡುತ್ತ ಮೇಲೆ ಬಂದರು. ಆಗಲಾದರೂ ನನ್ನ ಕಡೆ ತಿರುಗಬೇಡವೇ? ಇಲ್ಲ. ಆಪರೇಟರನನ್ನೇ ಕೇಳಿದರು: "ಅವನಿಗೆ ಹೇಳ್ಲಿಲ್ವೇನೋ?"

"ನನಗ ಯಾವಾಗ ಹೇಳಿದ್ರಿ ಸಾಹೇಬ್ರ? ಕಿವ್ಯಾಗ ಹೆಡ್‌ಫೋನ್ ಇತ್ತಲ್ರೀ!" ಎಂದು ಆ ಬಡಪಾಯಿ ಅತ್ತೇಬಿಟ್ಟ.

ವಿಚಾರಣೆಯಲ್ಲಿ ಸಾಹೇಬರು ಏನನ್ನೂ ಮುಚ್ಚಿಡಲಿಲ್ಲ. ಚೀಟಿ ತಿದ್ದಲಿಲ್ಲ, ಎದುರಿಗಿದ್ದವನಿಗೆ ಹೇಳಲಿಲ್ಲ, ನಮ್ಮಿಬ್ಬರಿಗೂ ಮಾತಿಲ್ಲ ಎಂದರು. ನಿಜ ಹೇಳಿದರೆಂದು ನನಗೇನೂ ಗೌರವ ಹುಟ್ಟಲಿಲ್ಲ. ಅವರ ಸೆಡವಿಗೆ ಅಷ್ಟು ಜನ ಬೂದಿಯಾಗುತ್ತಿದ್ದರು, ಅದು ನನ್ನ ಕೈಯಿಂದ ಆಗುತ್ತಿತ್ತು. ಅವರನ್ನು ಟವರಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಆ ಅವಮಾನ ತಾಳದೆ ರಾಜೀನಾಮೆ ಬಿಸಾಕಿ ಸೊರಬ ಸೇರಿದರು. ನಾನು ಉಳಿದುಕೊಂಡೆ. ಊರಿನಲ್ಲಿ ಮಾತ್ರ, ಕೆಲಸ ಕೊಡಿಸಿದವನ ಕೆಲಸವನ್ನೇ ತಿಂದವನು ಎಂಬ ಹೆಸರು ನನಗೆ ಬಂತು. ಅದಕ್ಕೂ ಅವರ ಮೇಲೆಯೇ ಸಿಟ್ಟು.

ಕೆಲವು ವರ್ಷಗಳ ಮೇಲೆ ನಾನು ರಜೆಯಲ್ಲಿದ್ದಾಗ, ಸಾಹೇಬರು ಹಾಸಿಗೆ ಹಿಡಿದಿದ್ದಾರೆ, ಒಮ್ಮೆ ಬರಬೇಕಂತೆ ಎಂದು ಅವರ ಹೆಂಡತಿ ಹೇಳಿಕಳಿಸಿದರು. ಆಕೆಯದು ನನಗೆ ಅನ್ನ ಹಾಕಿದ ಕೈ, ಹೋದೆ. ಸಾಹೇಬರು ಮಂಚದ ಮೇಲೆ ಒಣಗಿ ಹೋಗಿದ್ದರು.

"ಊಟ ಆಯ್ತಾ ಕೇಳು" ಎಂದರು ಹೆಂಡತಿಗೆ.

"ಆಗಿದೆ ಅನ್ನಿ ಅಕ್ಕಾ" ಎಂದೆ.

ಆಕೆ ಇಬ್ಬರನ್ನೂ ನೋಡಿ, "ಸಾಕಾಯ್ತು ನಂಗೆ. ಎಂತ ಬೇಕಾದ್ರೂ ಮಾಡ್ಕಳಿ" ಎಂದು ಒಳಗೆ ಹೋಗಿಬಿಟ್ಟರು. ಉಳಿದವರು ನಾವಿಬ್ಬರೇ. ಹಿರಿಯರು, ಅವರೇ ಶುರುಮಾಡಲಿ ಎಂದು ನಾನು ಕೂತೆ. ಅವರೂ ಸೂರು ನೋಡುತ್ತ ಮಲಗಿದ್ದರು. ಶಿಕಾರಿಪುರದ ಬಸ್ಸಿನ ಹೊತ್ತಾಯಿತು. ಎದ್ದು ಬಂದೆ.

ಆ ವಾರದಲ್ಲೇ ಸಾಹೇಬರು ತೀರಿಹೋದರು. ಮಾತಾಡಿಸಲು ಹೋದಾಗ ಅವರ ಹೆಂಡತಿ ಕಣ್ಣೊರೆಸಿಕೊಂಡು ಹೇಳಿದರು: "ನೀವು ಆ ಕಡೆ ಹೋಗಿದ್ದೇ ತಡ, ಅವನು ಎಂತ ಹೇಳ್ದ ಅಂತ ಕೇಳಿದ್ರು. ನಾನೇ ಹೇಳ್ದೆ ಕಣ್ರೀ, 'ಇವತ್ತು ನಾನು ಉಣ್ತಿರೋ ಅನ್ನ ಅವ್ರು ಕೊಡ್ಸಿದ್ದು' ಅಂತ ನೀವಂದ್ರಿ ಅಂತ."

ನಾನು ಹಾಗೆ ಹೇಳಿರಲಿಲ್ಲ. ಸುಳ್ಳೆನ್ನಲೂ ಬಾಯಿ ಬರಲಿಲ್ಲ.

"ಅದಕ್ಕೆ ಅವರೇನಂದರು?"

"'ಇಷ್ಟು ಹೇಳಕ್ಕೆ ಅವನಿಗೆ ಇಷ್ಟು ವರ್ಷ ಬೇಕಾಯ್ತಾ' ಅಂದ್ರು."

ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಅವರಿಗೆ ಹೇಳಿ ಅಕ್ಕಾ" ಎನ್ನಲು ಬಾಯಿ ತೆರೆದೆ. ಎದುರಿಗೆ ಮಂಚ ಖಾಲಿಯಿತ್ತು.