ಸೂಜಿ ಚುಚ್ಚಿಸಿಕೊಂಡು ಅಮ್ಮ ಮಲಗಿದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊಸಕೋಟೆಯಲ್ಲಿ ವಿಜ್ಞಾನದ ಟೀಚರು. ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿದೆ ಎಂಬ ಜಂಭ ಬೇರೆ. ಅನುಗೊಂಡನಹಳ್ಳಿಯ ನಮ್ಮ ಮನೆಯಲ್ಲಿ ಅಮ್ಮನಿಗೆ ಮುಟ್ಟು ನಿಂತು ವರ್ಷವಾಗಿತ್ತು. ಮುದ್ದೆ ತೊಳಸುತ್ತಿದ್ದವಳು ಮೈ ಬಿಸಿಯೇರಿತೆಂದು ಕೋಲು ಅಲ್ಲೇ ಬಿಟ್ಟು ಹಿತ್ತಿಲಿಗೆ ಓಡುತ್ತಿದ್ದಳು. ಮಾಗಿಯ ಚಳಿಯಲ್ಲೂ ರವಿಕೆ ಒದ್ದೆ. ನಿದ್ದೆಯಂತೂ ಇಲ್ಲವೇ ಇಲ್ಲ. ಮಾತೆತ್ತಿದರೆ ಸಿಡುಕು, ಮರುಕ್ಷಣ ಅಳು. ಅಪ್ಪ ಮಲೇರಿಯಾ ಇರಬೇಕೆಂದು ಮಾತ್ರೆ ತಂದರು. ಅಜ್ಜಿ ಸೊಸೆಗೆ ದೃಷ್ಟಿ ತೆಗೆದರು.

ಬೆಂಗಳೂರಿನಲ್ಲಿ ಒಬ್ಬ ಡಾಕ್ಟರು ಚೀನಾದವರ ಹಾಗೆ ಸೂಜಿ ಚುಚ್ಚುತ್ತಾರೆಂದು ಸ್ಟಾಫ್ ರೂಮಿನಲ್ಲಿ ಕೇಳಿದೆ. ಆಕ್ಯುಪಂಕ್ಚರ್ ಎಂಬ ಹೆಸರನ್ನು ನಾಲ್ಕು ಸಲ ಹೇಳಿ ಮನೆಯವರ ಬಾಯಿ ಮುಚ್ಚಿಸಿದೆ. ಆ ಡಾಕ್ಟರೇ ನನ್ನ ಹುರುಪಿಗೆ ತಣ್ಣೀರೆರಚಿದರು. ಇದು ಕಾಯಿಲೆಯಲ್ಲ, ವಯಸ್ಸಿನ ಬದಲಾವಣೆ. ಸೂಜಿಯಿಂದ ಕೆಲವರಿಗೆ ಬಿಸಿ ಏರುವುದು ಕಡಿಮೆಯಾಗುತ್ತದೆ, ಕೆಲವರಿಗೆ ಇಲ್ಲ. ಇದೊಂದನ್ನೇ ನಂಬಿ ಕೂರಬೇಡಿ ಎಂದರು. ಆಮೇಲೆ ಅಮ್ಮನ ಮಣಿಕಟ್ಟಿಗೆ, ಪಾದಕ್ಕೆ ಕೂದಲೆಳೆಯಂಥ ಸೂಜಿ ಚುಚ್ಚಿ, ಅರ್ಧ ಗಂಟೆ ಅಲ್ಲಾಡಬಾರದೆಂದು ಹೇಳಿ ಹೋದರು. ಐದೇ ನಿಮಿಷಕ್ಕೆ ಅಮ್ಮ ಗೊರಕೆ ಹೊಡೆದಳು. ಪ್ರತಿ ಶನಿವಾರವೂ ಅದೇ. ನಾನು ಚೀನಾದವರನ್ನು ಹೊಗಳಿದ್ದೇ ಹೊಗಳಿದ್ದು.

ಎಂಟನೇ ವಾರ ಡಾಕ್ಟರು ಇನ್ನು ಸಾಕು ಎಂದಾಗ ಅಮ್ಮನ ಮುಖ ಬಾಡಿತು. ಬಸ್ಸಿನಲ್ಲಿ ಯಾಕೆಂದು ಕೇಳಿದೆ. ಬಿಸಿ ಕಡಿಮೆಯಾಯಿತೋ ಇಲ್ಲವೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

"ಅಲ್ಲಿ ಅಲ್ಲಾಡ್ಬೇಡ ಅಂತಾರೆ ಕಣೇ. ಮನೇಲಿ ಯಾರು ಹಂಗಂತಾರೆ? ಮುಂಚೆ ಹೊರಗಾದಾಗ ಮೂರು ದಿನ ಮಲಗ್ತಿದ್ದೆ. ಈಗ ಅದೂ ಹೋಯ್ತು."

ಮುಟ್ಟಾದ ಹೆಂಗಸು ಮೂರು ದಿನ ಒಲೆ ಮುಟ್ಟದೆ ಹೊರಗಿನ ಕೋಣೆಯಲ್ಲಿರುವುದು ನಮ್ಮ ಮನೆಯ ಕಟ್ಟಳೆ. ಅದು ಅನ್ಯಾಯವೆಂದು ನಾನು ಅಜ್ಜಿಯೊಂದಿಗೆ ಎಷ್ಟೋ ಸಲ ಜಗಳವಾಡಿದ್ದೆ. ಈಗಲೂ ಅನ್ಯಾಯವೆಂದೇ ಅನ್ನುತ್ತೇನೆ. ಆದರೆ ಅಮ್ಮನಿಗೆ ಸಿಕ್ಕ ರಜೆ ಅದೊಂದೇ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಮನೆಗೆ ಬಂದವಳೇ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಮುಂದಿದ್ದ ಹಣ್ಣು ಮುಗಿಯುವವರೆಗೂ ಬಿಡಿಸುತ್ತಲೇ ಇದ್ದರು. ಆಮೇಲೆ ಅಮ್ಮನನ್ನು ಕರೆದು, ನಾಳೆಯಿಂದ ಮೂರು ದಿನ ಒಲೆ ಮುಟ್ಟಬೇಡ, ಹೊರಗಿನ ಕೋಣೆಯಲ್ಲಿ ಮಲಗು, ತಿಂಗಳು ತಿಂಗಳೂ ಹೀಗೇ ಎಂದರು. ಮುಟ್ಟು ನಿಂತಿದೆಯಲ್ಲ ಅತ್ತೆಮ್ಮ ಎಂದು ಅಮ್ಮ ತಡವರಿಸಿದಳು.

"ನಂಗೊತ್ತು. ನಂಗೆ ನಿಂತಾಗ ಹಿಂಗನ್ನೋರು ಯಾರೂ ಇರ್ಲಿಲ್ಲ ಕಣವ್ವಾ."

ಮಾರನೇ ದಿನ ಆ ಕೋಣೆಯಲ್ಲಿ ಅಮ್ಮನಿಗೆ ಚಾಪೆ ಹಾಸಿದವಳು ನಾನೇ.